ಯೀಸ್ಟಿಗೂ ಶಿಷ್ಟಾಚಾರ ಬೇಕು

ಬೇಕರಿಯ ಬನ್ನು ಉಬ್ಬಿಸುವ ಯೀಸ್ಟಿನ ನಡತೆ ಚೆನ್ನಾಗಿಲ್ಲ. ಇದು ನಾನು ಹೇಳುವ ಚಾಡಿಯಲ್ಲ. 2002ರಲ್ಲಿ ಸೆರ್ಗೈ ಮಾಸ್ಲೋವ್ ಮತ್ತು ಕಿಮ್ ಸ್ನೆಪ್ಪೆನ್ ಎಂಬ ಇಬ್ಬರು ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದು ಬಯಲು ಮಾಡಿದ ಸಂಗತಿ. ಯೀಸ್ಟಿನ ಜೀವಕೋಶದೊಳಗೆ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಹೆಚ್ಚಿನವು ಒಂದೆರಡು ಪ್ರೋಟೀನುಗಳ ಜೊತೆಗಷ್ಟೇ ವ್ಯವಹಾರ ಇಟ್ಟುಕೊಂಡ ಬಡಪಾಯಿಗಳು. ಕೆಲವೇ ಕೆಲವು ಮಾತ್ರ ಹತ್ತಾರು ಪ್ರೋಟೀನುಗಳ ಜೊತೆ ಕೈಕುಲುಕುವ ಗಣ್ಯರು. ಇಲ್ಲಿಯವರೆಗೆ ಆಕ್ಷೇಪಿಸುವಂಥದ್ದು ಏನೂ ಇಲ್ಲ. ಮುಂದೆ ಓದಿದರೆ ಮನಸ್ಸಿಗೆ ನೋವಾಗುತ್ತದೆ: ಗಣ್ಯ ಪ್ರೋಟೀನು ಇನ್ನೊಂದು ಗಣ್ಯ ಪ್ರೋಟೀನಿನ ಪಕ್ಕಕ್ಕೆ ಹೋಗುವುದೇ ಅಪರೂಪ. ಕಣ್ಣು ಮುಚ್ಚಿ ಚೀಟಿ ಎತ್ತಿ ಜೋಡಿ ಮಾಡಿದ್ದರೂ ಎಷ್ಟು ಸಲ ಅಕ್ಕಪಕ್ಕ ಬರುತ್ತಿದ್ದವೋ, ಅಷ್ಟು ಸಲ ಕೂಡ ಬರುವುದಿಲ್ಲ. ಇರುವ ಕೈಗಳನ್ನೆಲ್ಲ ಬಡಪಾಯಿಗಳಿಗೆ ಕೊಟ್ಟು ಕೂತಿರುತ್ತವೆ.

ಶಾಲಿಲ್ಲ, ಹಾರವಿಲ್ಲ, ಒಬ್ಬರನ್ನೊಬ್ಬರು ‘ಸನ್ಮಾನ್ಯ’ ಎನ್ನುವ ಪದ್ಧತಿಯಿಲ್ಲ. ನಮ್ಮ ಕಡೆ ಒಂದು ಹೈಮಾಸ್ಟ್ ದೀಪದ ಉದ್ಘಾಟನೆಯಲ್ಲಿ ಹೀಗೆ ನಡೆದಿದ್ದರೂ ಶಿಷ್ಟಾಚಾರ ಉಲ್ಲಂಘನೆಯೆಂದು ಧರಣಿ ಕೂರುತ್ತಿದ್ದರು, ಹಕ್ಕುಚ್ಯುತಿ ಮಂಡನೆಯಾಗುತ್ತಿತ್ತು, ಒಬ್ಬ ಎಂಜಿನಿಯರಾದರೂ ಅಮಾನತಾಗುತ್ತಿದ್ದರು. ಯೀಸ್ಟಿನಲ್ಲಿ ಇದುವರೆಗೆ ಯಾರೂ ಅಮಾನತಾಗಿಲ್ಲ.

ಜಾಲಗಳ ವಿಜ್ಞಾನವನ್ನೂ ವೇದಿಕೆಗಳ ವಿಜ್ಞಾನವನ್ನೂ ಒಟ್ಟಿಗೆ ಬಲ್ಲವರು ನಾಡಿನಲ್ಲಿ ವಿರಳ. ಮೊದಲನೆಯದನ್ನು ಬಲ್ಲವರನ್ನು ವೇದಿಕೆಗೆ ಕರೆಯುವುದಿಲ್ಲ. ಎರಡನೆಯದನ್ನು ಬಲ್ಲವರು ವೇದಿಕೆಯಿಂದ ಇಳಿಯುವುದಿಲ್ಲ. ಪೆಂಡಾಲಿನ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎರಡನ್ನೂ ಏಕಕಾಲಕ್ಕೆ ಅಭ್ಯಾಸ ಮಾಡಿದವನಾದ ನಾನು, ಈ ಕೊರತೆ ತುಂಬಲು ಮುಂದಾಗಿದ್ದೇನೆ. ಯಾರೂ ಕೇಳಿರಲಿಲ್ಲ ಎಂಬುದು ತಜ್ಞರಿಗೆ ಅಡ್ಡಿಯಾಗಬಾರದು.

ಮೂಲಪಾಠ

ಜಾಲವೆಂದರೆ ಬಿಂದುಗಳು ಮತ್ತು ಅವುಗಳ ನಡುವಿನ ಕೊಂಡಿಗಳು. ಬಿಂದು ಮನುಷ್ಯನಾಗಬಹುದು, ಕಂಪ್ಯೂಟರಾಗಬಹುದು, ಕೆರೆಯ ಮೀನಾಗಬಹುದು. ಒಂದು ಬಿಂದುವಿಗೆ ಎಷ್ಟು ಕೊಂಡಿ ಎಂಬುದೇ ಅದರ ಅಂತಸ್ತು. ಕೊಂಡಿಗಳು ವಿಪರೀತವಾಗಿರುವ ಬಿಂದುವಿಗೆ ಹಬ್ ಎಂದು ಹೆಸರು. ಹಬ್‌ಗಳು ಹೇಗೆ ಹುಟ್ಟುತ್ತವೆಂದು 1999ರಲ್ಲಿ ಆಲ್ಬರ್ಟ್-ಲಾಸ್ಲೊ ಬರಬಾಶಿ ಮತ್ತು ರೇಕಾ ಆಲ್ಬರ್ಟ್ ತೋರಿಸಿದರು: ಜಾಲಕ್ಕೆ ಹೊಸದಾಗಿ ಬಂದ ಬಿಂದು, ಆಗಲೇ ಕೊಂಡಿ ಹೆಚ್ಚಿರುವ ಬಿಂದುವಿಗೇ ಹೋಗಿ ಅಂಟಿಕೊಳ್ಳುವ ಸಂಭವ ಜಾಸ್ತಿ. ಸಂಖ್ಯಾಶಾಸ್ತ್ರಜ್ಞ ಯೂಲ್ 1925ರಲ್ಲಿ, ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ಇದರ ಹತ್ತಿರಕ್ಕೆ ಬಂದಿದ್ದರು. ಊರಿಗೆ ವರ್ಗವಾಗಿ ಬಂದ ಅಧಿಕಾರಿ ಮೊದಲ ದಿನ ಯಾರ ಮನೆಯಲ್ಲಿ ಕಾಫಿ ಕುಡಿಯುತ್ತಾರೆಂದು ನೋಡುತ್ತ ಕೂತ ಅರಳಿಕಟ್ಟೆಯ ಹಿರಿಯರಿಗೂ ಇದು ಗೊತ್ತಿತ್ತು. ಅವರು ಪ್ರಕಟಿಸಲಿಲ್ಲ, ಅಷ್ಟೇ.

ನಮ್ಮ ಪ್ರಶ್ನೆ ಇದರ ಮುಂದಿನದು. ಸಣ್ಣವರು ದೊಡ್ಡವರನ್ನು ಹುಡುಕಿಕೊಂಡು ಹೋಗುತ್ತಾರೆ, ಸರಿ. ದೊಡ್ಡವರು ಯಾರನ್ನು ಹುಡುಕಿಕೊಂಡು ಹೋಗುತ್ತಾರೆ? ಇದನ್ನು ಒಂದೇ ಅಂಕಿಯಲ್ಲಿ ಅಳೆಯುವ ಕ್ರಮವನ್ನು ಭೌತಶಾಸ್ತ್ರಜ್ಞ ಮಾರ್ಕ್ ನ್ಯೂಮನ್ 2002ರಲ್ಲಿ ಕೊಟ್ಟರು. ಅಂಕಿ −1ರಿಂದ +1ರವರೆಗೆ ಓಡಾಡುತ್ತದೆ. ದೊಡ್ಡವರಿಗೆ ದೊಡ್ಡವರೇ ಸಿಕ್ಕರೆ, ಸಣ್ಣವರಿಗೆ ಸಣ್ಣವರೇ ಉಳಿದರೆ ಅಂಕಿ ಸೊನ್ನೆಯ ಮೇಲೆ ಹೋಗುತ್ತದೆ. ಇಂಥ ಜಾಲವನ್ನು ಅಸಾರ್ಟೇಟಿವ್ ಎನ್ನುತ್ತಾರೆ. ದೊಡ್ಡವರು ಸಣ್ಣವರ ಜೊತೆ ಸೇರಿಕೊಂಡರೆ ಸೊನ್ನೆಯ ಕೆಳಗಿಳಿಯುತ್ತದೆ, ಅದು ಡಿಸ್‌ಅಸಾರ್ಟೇಟಿವ್. ಮೇಲೆ ಹೋಗುವುದು ಏಳಿಗೆ, ಕೆಳಗಿಳಿಯುವುದು ಅವನತಿ ಎಂಬುದನ್ನು ಗಣಿತವೇ ಇಲ್ಲಿ ಒಪ್ಪಿಕೊಂಡಂತಾಯಿತು.

ಅಂಕಪಟ್ಟಿ

ನ್ಯೂಮನ್ ಕೊಟ್ಟ ಫಲಿತಾಂಶ ಹೀಗಿದೆ. ಒಟ್ಟಿಗೆ ಪ್ರಬಂಧ ಬರೆಯುವ ಭೌತವಿಜ್ಞಾನಿಗಳು: 0.363. ಅಮೆರಿಕದ ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳಲ್ಲಿ ಕೂರುವ 7,673 ನಿರ್ದೇಶಕರು: 0.276. ಸಿನಿಮಾ ನಟರು: 0.208. ಜೀವವಿಜ್ಞಾನಿಗಳು: 0.127. ಗಣಿತಜ್ಞರು: 0.120. ಎಲ್ಲರೂ ಸೊನ್ನೆಯ ಮೇಲೆ, ಎಲ್ಲರೂ ಮನುಷ್ಯರು. ಭೌತವಿಜ್ಞಾನಿಗಳು ಮೊದಲ ರ‍್ಯಾಂಕ್ ಪಡೆದದ್ದು, ಅಳತೆಗೋಲು ತಂದವರೂ ಭೌತವಿಜ್ಞಾನಿಯೇ ಆಗಿರುವುದರಿಂದ ಎಂದು ಸಂಶಯಪಡಬಾರದು. ಕ್ರೀಡಾಕೂಟ ಏರ್ಪಡಿಸಿದವರ ಮಗನಿಗೆ ಪ್ರಥಮ ಬಹುಮಾನ ಬರುವುದು ನಮಗೇನೂ ಹೊಸದಲ್ಲ. ಗಣಿತಜ್ಞರು ಕಷ್ಟಪಟ್ಟು ಪಾಸಾಗಿದ್ದಾರೆ. ಒಬ್ಬೊಬ್ಬರೇ ಕೂತು ಯೋಚಿಸುವ ದುಶ್ಚಟವನ್ನು ಅವರು ಬಿಡಬೇಕು.

ಈಗ ಫೇಲಾದವರು. ಅಂತರ್ಜಾಲವನ್ನು ಆಗ ಕಟ್ಟಿದ್ದ 10,697 ಸ್ವಾಯತ್ತ ಜಾಲಗಳು: −0.189. ಯೀಸ್ಟಿನ 2,115 ಪ್ರೋಟೀನುಗಳು: −0.156. ಕೆರೆಯಲ್ಲಿ ಯಾರು ಯಾರನ್ನು ತಿನ್ನುತ್ತಾರೆಂಬ ಆಹಾರ ಜಾಲವೂ ಸೊನ್ನೆಯ ಕೆಳಗೆ. ಸಾರಾಂಶವಿಷ್ಟು: ಏನಾದರೊಂದು ಕೆಲಸ ನಡೆಯಲೇಬೇಕಾದ ಕಡೆ, ಅಂದರೆ ಸಂದೇಶ ತಲುಪಬೇಕಾದ, ಹಿಟ್ಟು ಉಬ್ಬಬೇಕಾದ, ಹೊಟ್ಟೆ ತುಂಬಬೇಕಾದ ಕಡೆ ದೊಡ್ಡವರು ಸಣ್ಣವರ ಜೊತೆ ಬೆರೆತು ಮರ್ಯಾದೆ ಕಳೆದುಕೊಂಡಿದ್ದಾರೆ. ಮನುಷ್ಯರು ಮಾತ್ರ ಕೆಲಸಕ್ಕಿಂತ ಮರ್ಯಾದೆ ದೊಡ್ಡದೆಂದು ಮೊದಲೇ ತೀರ್ಮಾನಿಸಿದ್ದಾರೆ.

‘ಯಾರ ಕಡೆಯವ್ರು ನೀವು?’

2001ರಲ್ಲಿ ಪಾಸ್ತೋರ್-ಸತೋರಾಸ್, ವಾಸ್ಕೆಸ್ ಮತ್ತು ವೆಸ್ಪಿನ್ಯಾನಿ ಎಂಬ ಮೂವರು ಅಂತರ್ಜಾಲವನ್ನು ಅಳೆಯಲು ಬೇರೊಂದು ದಾರಿ ಹಿಡಿದಿದ್ದರು. ಒಂದು ಬಿಂದುವಿಗೆ ಎಷ್ಟು ಕೊಂಡಿ ಎಂದು ಕೇಳಿ ಸುಮ್ಮನಾಗದೆ, ಅದರ ನೆರೆಯವರಿಗೆ ಸರಾಸರಿ ಎಷ್ಟೆಷ್ಟು ಕೊಂಡಿ ಎಂದೂ ಕೇಳಿದರು. ಅಂತರ್ಜಾಲದಲ್ಲಿ ಬಿಂದು ದೊಡ್ಡದಾದಂತೆ ಅದರ ನೆರೆಯವರು ಸಣ್ಣವರಾಗುತ್ತ ಹೋಗುತ್ತಾರೆಂದು ಗೊತ್ತಾಯಿತು.

ಈ ಅಳತೆಗೆ ಅವರು ಅಪಾರ ದತ್ತಾಂಶ ಜಾಲಾಡಬೇಕಾಯಿತು. ನಮ್ಮಲ್ಲಿ ಯಾವುದೇ ಕಚೇರಿಯ ಹೊರಗಿನ ಸ್ಟೂಲಿನ ಮೇಲೆ ಕೂತವರು ಇದನ್ನು ತಲೆ ಎತ್ತದೆ ಮಾಡುತ್ತಾರೆ:

“ಸಾಹೇಬ್ರನ್ನ ನೋಡ್ಬೇಕಿತ್ತು ಸಾರ್.”

“ಯಾರ ಕಡೆಯವ್ರು ನೀವು?”

“ಯಾರ ಕಡೆನೂ ಅಲ್ಲ ಸಾರ್. ನಮ್ಮವ್ವನ ಪಿಂಚಣಿ ನಿಂತೋಗಿದೆ.”

“ಹಂಗಾದ್ರೆ ಸೋಮವಾರ ಬನ್ನಿ. ಸಾಹೇಬ್ರು ಮೀಟಿಂಗಲ್ಲಿದಾರೆ.”

ಇಲ್ಲಿ ನಡೆದ ಲೆಕ್ಕಾಚಾರದ ಸೂಕ್ಷ್ಮ ನೋಡಿ. ಬಂದವರ ಹೆಸರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ನೆರೆಯವರ ಅಂತಸ್ತನ್ನು ಮಾತ್ರ ಕೇಳಿದರು. ಉತ್ತರ ಸೊನ್ನೆ ಬಂತು. ಸೊನ್ನೆಗೆ ಸೋಮವಾರ. ‘ಎಮ್ಮೆಲ್ಲೆ ಭಾವಮೈದನ ಕಡೆಯವರು’ ಎಂಬ ಉತ್ತರ ಬಂದಿದ್ದರೆ ಮೀಟಿಂಗು ಮುಗಿದಿರುತ್ತಿತ್ತು. ಮೀಟಿಂಗಿನ ಅವಧಿ ಹೊರಗೆ ನಿಂತವರ ನೆರೆಹೊರೆಯನ್ನು ಅವಲಂಬಿಸಿದೆ ಎಂಬ ಈ ನಿಯಮವನ್ನು ನಾನು ಗಣಿತದ ರೂಪಕ್ಕೆ ಇಳಿಸುತ್ತಿದ್ದೇನೆ.

ಕೊಂಡಿಯಿಲ್ಲದವರು ಹತಾಶರಾಗಬಾರದು. ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞರು 1991ರಲ್ಲಿ ತೋರಿಸಿದಂತೆ, ಸರಾಸರಿ ಲೆಕ್ಕದಲ್ಲಿ ನಮಗಿಂತ ನಮ್ಮ ಸ್ನೇಹಿತರಿಗೇ ಸ್ನೇಹಿತರು ಹೆಚ್ಚು. ಹೆಚ್ಚು ಸ್ನೇಹಿತರಿರುವ ಮನುಷ್ಯ ಹೆಚ್ಚು ಜನರ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇದಕ್ಕೆ ಕಾರಣ. ಇದರ ಉಪಯೋಗವನ್ನು 2003ರಲ್ಲಿ ಕೋಹೆನ್, ಹಾವ್ಲಿನ್ ಮತ್ತು ಬೆನ್-ಅವ್ರಹಾಂ ಕಂಡುಕೊಂಡರು. ಲಸಿಕೆ ಕಡಿಮೆಯಿದ್ದಾಗ ಸಿಕ್ಕಸಿಕ್ಕವರಿಗೆ ಚುಚ್ಚಬೇಡಿ. ಸಿಕ್ಕವರನ್ನು ‘ನಿಮ್ಮ ಪರಿಚಯದವರೊಬ್ಬರ ಹೆಸರು ಹೇಳಿ’ ಎಂದು ಕೇಳಿ, ಆ ಹೆಸರಿನವರಿಗೆ ಚುಚ್ಚಿ. ಜಾಲದ ನಕ್ಷೆ ಕೈಯಲ್ಲಿಲ್ಲದೆಯೂ ಹಬ್‌ಗಳು ಸಿಕ್ಕಿಬೀಳುತ್ತವೆ. ಆಸ್ಪತ್ರೆಯ ಬೆಡ್ಡಿಗೆ, ಕಾಲೇಜಿನ ಸೀಟಿಗೆ, ಸುಟ್ಟುಹೋದ ಟ್ರಾನ್ಸ್‌ಫಾರ್ಮರಿಗೆ ‘ಅಲ್ಲಿ ಯಾರಾದ್ರೂ ಗೊತ್ತಿದಾರಾ?’ ಎಂದು ಎದುರು ಬಂದವರನ್ನೆಲ್ಲ ಕೇಳುವ ನಮ್ಮ ಪದ್ಧತಿ ಇದೇ. ವ್ಯತ್ಯಾಸವೊಂದೇ: ಅವರ ವಿಧಾನದಲ್ಲಿ ಹಬ್ ಸಿಕ್ಕಮೇಲೆ ಸೂಜಿ ಚುಚ್ಚುತ್ತಾರೆ. ನಮ್ಮಲ್ಲಿ ಹಬ್ ‘ನೋಡೋಣ, ಹೇಳ್ತೀನಿ’ ಎಂದು ಇನ್ನೊಂದು ಹಬ್‌ಗೆ ಹೇಳುತ್ತದೆ, ಅದು ಮತ್ತೊಂದಕ್ಕೆ ಹೇಳುತ್ತದೆ, ಅರ್ಜಿ ಗಣ್ಯಾತಿಗಣ್ಯರ ನಡುವೆಯೇ ಓಡಾಡಿ ಕೃತಾರ್ಥವಾಗುತ್ತದೆ.

ವೇದಿಕೆಯ ಅಗಲ

ಮನುಷ್ಯರ ಜಾಲವೇ ಏಕೆ ಹೀಗೆ ಮೇಲ್ಮಟ್ಟದ್ದು? ನ್ಯೂಮನ್ ಮತ್ತು ಜುಯಾಂಗ್ ಪಾರ್ಕ್ 2003ರಲ್ಲಿ ಕೊಟ್ಟ ಒಂದು ವಿವರಣೆ ನಮ್ಮ ಪೆಂಡಾಲ್ ಗುತ್ತಿಗೆದಾರರಿಗೆ ಹಿಡಿಸುವಂಥದ್ದು. ಮನುಷ್ಯರು ಗುಂಪುಗಳಲ್ಲಿ ಬದುಕುತ್ತಾರೆ. ದೊಡ್ಡ ಗುಂಪಿನಲ್ಲಿರುವವರಿಗೆ ಕೊಂಡಿ ಹೆಚ್ಚು, ಮತ್ತು ಆ ಕೊಂಡಿಗಳು ಅದೇ ದೊಡ್ಡ ಗುಂಪಿನ ಇತರರ ಜೊತೆಗೇ ಇರುತ್ತವೆ. ಆದ್ದರಿಂದ ಯಾರೂ ಸಂಚು ಮಾಡದೆಯೂ ಕೊಂಡಿ ಹೆಚ್ಚಿರುವವರಿಗೆ ಕೊಂಡಿ ಹೆಚ್ಚಿರುವವರೇ ಜೊತೆಯಾಗುತ್ತಾರೆ.

ಅಂದರೆ ಗಣ್ಯರನ್ನು ಸೃಷ್ಟಿಸಲು ಪ್ರತಿಭೆ ಬೇಕಿಲ್ಲ, ಅಗಲವಾದ ವೇದಿಕೆ ಸಾಕು. ವೇದಿಕೆಯ ಮೇಲೆ 4 ಕುರ್ಚಿ ಹಾಕಿದರೆ ಕೂತ ಪ್ರತಿಯೊಬ್ಬರಿಗೂ 3 ಕೊಂಡಿ. 40 ಕುರ್ಚಿ ಹಾಕಿದರೆ ಪ್ರತಿಯೊಬ್ಬರಿಗೂ 39. ನಮ್ಮ ಆಹ್ವಾನ ಪತ್ರಿಕೆಗಳು ಈ ಸೂತ್ರದ ಮೇಲೇ ರಚಿತವಾಗಿವೆ. ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ದಿವ್ಯ ಸಾನ್ನಿಧ್ಯ, ಕ್ಷೇತ್ರದ ಶಾಸಕರ ಅಧ್ಯಕ್ಷತೆ, ಜಿಲ್ಲಾ ಉಸ್ತುವಾರಿ ಸಚಿವರಿಂದ ಉದ್ಘಾಟನೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಇವರಾರಲ್ಲೂ ಸೇರದವರಿಗಾಗಿ ‘ಮತ್ತು ಇತರ ಗಣ್ಯರು’. ಎರಡು ಕೊಠಡಿಯ ಅಂಗನವಾಡಿ ಉದ್ಘಾಟನೆಯ ಕಾರ್ಡಿನಲ್ಲಿ ಹೆಸರುಗಳೇ ನಾಲ್ಕು ಪುಟ ಬರುವುದನ್ನು ಕಂಡು ನಗುವವರು ಜಾಲವಿಜ್ಞಾನ ಓದಿಲ್ಲ. ಅಂಗನವಾಡಿಯಲ್ಲಿ ಕೂರುವ ಮಕ್ಕಳಿಗಿಂತ ಉದ್ಘಾಟಿಸುವವರು ಹೆಚ್ಚಿದ್ದಾಗ ಮಾತ್ರ ಅಂಕಿ +1ರತ್ತ ಸಾಗಲು ಸಾಧ್ಯ.

ಒಮ್ಮೊಮ್ಮೆ ಭಾರ ತಾಳದೆ ವೇದಿಕೆ ಕುಸಿಯುತ್ತದೆ. ಜಾಲದ ದೃಷ್ಟಿಯಿಂದ ಇದು ನಷ್ಟವಲ್ಲ. ಒಂದೇ ರಾಶಿಯಲ್ಲಿ ಬಿದ್ದವರ ನಡುವೆ ಕೊಂಡಿ ಮತ್ತಷ್ಟು ಬಿಗಿಯಾಗುತ್ತದೆ.

ದೊಡ್ಡವರ ತೀವ್ರ ಅಭಾವ

ಇಲ್ಲಿ ಒಂದು ನಿಜವಾದ ತಾಂತ್ರಿಕ ತೊಂದರೆಯಿದೆ, ಮುಚ್ಚಿಡುವುದಿಲ್ಲ. ಎರಡು ಬಿಂದುಗಳ ನಡುವೆ ಒಂದೇ ಕೊಂಡಿ ಎಂಬ ನಿಯಮ ಇಟ್ಟುಕೊಂಡರೆ, ತೀರಾ ದೊಡ್ಡ ಹಬ್‌ಗೆ ತನ್ನ ಕೊಂಡಿಗಳನ್ನೆಲ್ಲ ದೊಡ್ಡವರಿಗೇ ಕೊಡುವುದು ಸಾಧ್ಯವಾಗುವುದಿಲ್ಲ. ಅಷ್ಟು ದೊಡ್ಡವರು ಜಗತ್ತಿನಲ್ಲೇ ಇರುವುದಿಲ್ಲ. ಮಿಕ್ಕ ಕೊಂಡಿಗಳನ್ನು ಬೇರೆ ದಾರಿಯಿಲ್ಲದೆ ಸಣ್ಣವರಿಗೆ ಕೊಡಬೇಕಾಗುತ್ತದೆ. ಒಂದು ಮಿತಿಯಾಚೆ ಇದು ತಪ್ಪಿದ್ದಲ್ಲ ಎಂದು 2004ರಲ್ಲಿ ಬೊಗುನ್ಯಾ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಹಬ್‌ಗೆ ಸಣ್ಣವರ ಮೇಲೆ ಪ್ರೀತಿ ಉಕ್ಕಿತೆಂದು ಇದರ ಅರ್ಥವಲ್ಲ. ಅಂಕಗಣಿತದ ಒತ್ತಡ, ಅಷ್ಟೇ.

ಕರ್ನಾಟಕದ ವಿಧಾನಸಭೆಯಲ್ಲಿ 224 ಸ್ಥಾನ, ವಿಧಾನ ಪರಿಷತ್ತಿನಲ್ಲಿ 75. ಒಟ್ಟು 299. ನಾಯಕರೊಬ್ಬರಿಗೆ ಸಾವಿರಾರು ಕೊಂಡಿಗಳ ಸಾಮರ್ಥ್ಯವಿದೆಯೆನ್ನಿ. ಶಾಸಕರೆಲ್ಲರನ್ನೂ ಒಬ್ಬರೂ ಬಿಡದೆ ಪರಿಚಯ ಮಾಡಿಕೊಂಡರೂ ಮುನ್ನೂರು ದಾಟುವುದಿಲ್ಲ. ಉಳಿದ ಕೊಂಡಿಗಳಿಗೆ ಏನು ಮಾಡಬೇಕು? ಹಾಗೆ ಉಳಿದ ಕೊಂಡಿಗಳನ್ನು ಖರ್ಚು ಮಾಡುವ ಏರ್ಪಾಟೇ ಜನಸಂಪರ್ಕ ಸಭೆ. ಐದು ವರ್ಷಕ್ಕೊಮ್ಮೆ ಈ ಒತ್ತಡ ವಿಪರೀತವಾಗಿ, ದೊಡ್ಡವರು ಗುಡಿಸಲಿಗೆ ನುಗ್ಗಿ ರೊಟ್ಟಿ ತಟ್ಟುವ, ಹೋಟೆಲಿನಲ್ಲಿ ದೋಸೆ ಹುಯ್ಯುವ, ಗುರುತಿಲ್ಲದ ಮಗುವನ್ನು ಎತ್ತಿಕೊಳ್ಳುವ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಮತ ಎಣಿಕೆಯ ದಿನ ಸಂಜೆ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ. ಔಷಧ ಬೇಕಿಲ್ಲ.

ಆದರೆ ವಿದೇಶಿ ವಿದ್ವಾಂಸರು ಅನುಭವದ ಕೊರತೆಯಿಂದ ಒಂದು ವಿಷಯ ಕಡೆಗಣಿಸಿದ್ದಾರೆ. ಎರಡು ಬಿಂದುಗಳ ನಡುವೆ ಒಂದೇ ಕೊಂಡಿ ಇರಬೇಕೆಂದು ಹೇಳಿದವರು ಯಾರು? ನಮ್ಮ ಕಡೆ ಎರಡು ದೊಡ್ಡ ಮನೆತನಗಳ ನಡುವೆ ಮಕ್ಕಳ ಮದುವೆಯ ಕೊಂಡಿ ಒಂದು, ಎಂಜಿನಿಯರಿಂಗ್ ಕಾಲೇಜಿನ ಟ್ರಸ್ಟಿನ ಕೊಂಡಿ ಒಂದು, ಸಕ್ಕರೆ ಕಾರ್ಖಾನೆಯದು ಒಂದು, ಸಹಕಾರಿ ಬ್ಯಾಂಕಿನದು ಒಂದು, ಕಲ್ಲು ಕ್ವಾರಿಯದು ಒಂದು, ಊರಾಚೆಯ ಲೇಔಟಿನದು ಒಂದು. ಒಬ್ಬರು ಆಡಳಿತ ಪಕ್ಷ, ಇನ್ನೊಬ್ಬರು ವಿರೋಧ ಪಕ್ಷ ಎಂಬುದನ್ನು ಕೊಂಡಿಯ ಕೊರತೆಯೆಂದು ತಿಳಿಯಬಾರದು. ಅದು ಹಗಲು ಹೊತ್ತಿನ ಕೊಂಡಿ. ಹೀಗೆ ಗೆರೆಯ ಮೇಲೆ ಗೆರೆ ಎಳೆದು ನಾವು ದೊಡ್ಡವರ ಅಭಾವವನ್ನು ಮೆಟ್ಟಿ ನಿಂತಿದ್ದೇವೆ. ಯೀಸ್ಟಿಗೆ ಈ ಉಪಾಯ ಹೊಳೆದಿಲ್ಲ. ಅದಕ್ಕೆ ಟ್ರಸ್ಟ್ ನೋಂದಾಯಿಸುವ ಸೌಲಭ್ಯವೂ ಇಲ್ಲ.

ಸಾಬೀತಾದ ಪ್ರಯೋಜನಗಳು

ದೊಡ್ಡವರ ಕೂಟದಿಂದ ಸಮಾಜಕ್ಕೇನು ಲಾಭ ಎಂದು ಕೇಳುವವರಿದ್ದಾರೆ. ನ್ಯೂಮನ್ 2002ರಲ್ಲೇ ಎರಡು ಲಾಭ ಹೇಳಿದ್ದಾರೆ.

ಮೊದಲನೆಯದು ಹರಡುವಿಕೆ. ಅಸಾರ್ಟೇಟಿವ್ ಜಾಲದಲ್ಲಿ ಕೊಂಡಿಗಳು ಒಟ್ಟಾರೆ ಕಡಿಮೆಯಿದ್ದಾಗಲೂ ದೊಡ್ಡವರ ನಡುವೆ ಒಂದು ಗಟ್ಟಿ ತಿರುಳು ಬೇಗ ಕೂಡಿಕೊಳ್ಳುತ್ತದೆ. ಅದರೊಳಕ್ಕೆ ಬಂದದ್ದು, ಕಾಯಿಲೆಯಾಗಲಿ ಸುದ್ದಿಯಾಗಲಿ, ಆರಿಹೋಗದೆ ಉಳಿಯುತ್ತದೆ. ಆದರೆ ತಿರುಳಿನಾಚೆ ಅದು ಹರಡುವ ವ್ಯಾಪ್ತಿ ಡಿಸ್‌ಅಸಾರ್ಟೇಟಿವ್ ಜಾಲದಲ್ಲಿ ಹರಡುವುದಕ್ಕಿಂತ ಚಿಕ್ಕದು. ಬೇಗ ಹಿಡಿಯುತ್ತದೆ, ದೂರ ಹೋಗುವುದಿಲ್ಲ. ಹೊಸ ರಿಂಗ್ ರೋಡು ಯಾವ ಸರ್ವೆ ನಂಬರಿನ ಮೇಲೆ ಹಾಯುತ್ತದೆ ಎಂಬ ಮಾಹಿತಿಗೆ ಇದಕ್ಕಿಂತ ಸುರಕ್ಷಿತವಾದ ಜಾಲ ಬೇರೆಲ್ಲಿದೆ? ಡಿಸ್‌ಅಸಾರ್ಟೇಟಿವ್ ಸಮಾಜವಾಗಿದ್ದರೆ ಆ ಸುದ್ದಿ ಜಮೀನಿನ ಮಾಲೀಕನಿಗೂ ತಲುಪಿ ಅನಾವಶ್ಯಕ ಗೊಂದಲವಾಗುತ್ತಿತ್ತು.

ಎರಡನೆಯದು ಬಾಳಿಕೆ. ಹಬ್‌ಗಳನ್ನೇ ಆರಿಸಿ ತೆಗೆದುಹಾಕಿದರೆ ಜಾಲ ಚೂರಾಗುತ್ತದೆಂದು 2000ದಲ್ಲಿ ಆಲ್ಬರ್ಟ್, ಜಿಯಾಂಗ್ ಮತ್ತು ಬರಬಾಶಿ ಎಚ್ಚರಿಸಿದ್ದರು. ಅಂತರ್ಜಾಲದಂಥ ಕಡೆ ಇದು ನಿಜ: ಅಲ್ಲಿ ಹಬ್ ಹೋದರೆ ಅದನ್ನೇ ನಂಬಿದ ಸಣ್ಣವರು ಅನಾಥರಾಗುತ್ತಾರೆ. ಅಸಾರ್ಟೇಟಿವ್ ಜಾಲದಲ್ಲಿ ಹಾಗಲ್ಲ. ಹಬ್‌ಗಳೆಲ್ಲ ಒಂದೇ ಕಡೆ ಗುಂಪುಗೂಡಿ ಒಂದರ ಕೆಲಸವನ್ನೇ ಇನ್ನೊಂದೂ ಮಾಡುತ್ತಿರುವುದರಿಂದ, ಜಾಲ ಒಡೆಯಲು ಹಲವು ಪಟ್ಟು ಹೆಚ್ಚು ಹಬ್‌ಗಳನ್ನು ತೆಗೆಯಬೇಕಾಗುತ್ತದೆ. ಬೆಳಗಿನ ಜಾವದ ದಾಳಿ, ದಿಢೀರ್ ಎತ್ತಂಗಡಿ, ಕಡ್ಡಾಯ ರಜೆ, ಇವೆಲ್ಲ ನಡೆದ ಮೇಲೂ ಫೈಲು ಮೊದಲಿನ ದಾರಿಯಲ್ಲೇ ನಡೆಯುವುದನ್ನು ಕಂಡು ಪತ್ರಿಕೆಗಳು ‘ವ್ಯವಸ್ಥೆ ಕೆಟ್ಟಿದೆ’ ಎಂದು ಬರೆಯುತ್ತವೆ. ವೈಜ್ಞಾನಿಕವಾಗಿ ಇದು ತಪ್ಪು. ಕೆಟ್ಟಿದ್ದರೆ ನಿಂತುಹೋಗುತ್ತಿತ್ತು.

ಕೆಲವು ಆಕ್ಷೇಪಗಳ ಖಂಡನೆ

ಫ್ಲಾರೆನ್ಸಿನ ಪ್ರಸಂಗ ಎತ್ತಿ ಹಿಡಿಯುವ ಕುತರ್ಕಿಗಳಿದ್ದಾರೆ. ಹದಿನೈದನೇ ಶತಮಾನದ ಆ ನಗರದಲ್ಲಿ ಹಳೆಯ ಶ್ರೀಮಂತ ಮನೆತನಗಳು ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದು ಭದ್ರವಾಗಿ ಹೆಣೆದುಕೊಂಡಿದ್ದವು. ಮೆದಿಚಿ ಮನೆತನ ಬೇರೆ ದಾರಿ ಹಿಡಿಯಿತು: ಒಬ್ಬರಿಗೊಬ್ಬರು ಅಷ್ಟಾಗಿ ನಂಟಿಲ್ಲದ ಮನೆಗಳನ್ನು ತನ್ನೊಂದರ ಮೂಲಕವೇ ಪೋಣಿಸಿಕೊಂಡಿತು. ಇದನ್ನು ಜಾನ್ ಪ್ಯಾಜೆಟ್ ಮತ್ತು ಕ್ರಿಸ್ಟಫರ್ ಆನ್ಸೆಲ್ 1993ರಲ್ಲಿ ಬಿಡಿಸಿ ಬರೆದಿದ್ದಾರೆ. ಬಲಾಬಲ ಪರೀಕ್ಷೆಯ ದಿನ ಹಳೆಯ ಮನೆತನಗಳವರು ಒಟ್ಟುಗೂಡಲಾರದೆ ಹೋದರು. ಗಡೀಪಾರಾಗಿದ್ದ ಕೊಸಿಮೊ ಮೆದಿಚಿ 1434ರಲ್ಲಿ ಮರಳಿ ಬಂದು ನಗರವನ್ನು ಕೈಗೆ ತೆಗೆದುಕೊಂಡ. ಎಲ್ಲರೂ ಎಲ್ಲರಿಗೂ ಬೀಗರಾಗಿದ್ದ ಕಡೆ ಯಾರ ಮಾತನ್ನು ಯಾರು ಕೇಳಬೇಕೆಂದೇ ತೀರ್ಮಾನವಾಗಲಿಲ್ಲ ಎಂಬುದು ಕುತರ್ಕಿಗಳ ವ್ಯಾಖ್ಯಾನ. ಬೀಗರ ಪಕ್ಷ ಸೋತದ್ದಕ್ಕೆ ನನ್ನ ವಿವರಣೆ ಸರಳ: ಆ ದಿನದ ಆಹ್ವಾನ ಪತ್ರಿಕೆಯಲ್ಲಿ ಹೆಸರುಗಳ ಅನುಕ್ರಮ ತಪ್ಪಿರಬೇಕು.

ಇನ್ನು ಮಿದುಳಿನ ವಿಚಾರ. ಮನುಷ್ಯನ ಮಿದುಳಿನಲ್ಲಿ ಎರಡೂ ಅರ್ಧಗೋಳಗಳಿಗೆ ಸೇರಿದ 12 ಹಬ್ ಪ್ರದೇಶಗಳು ತಮ್ಮತಮ್ಮಲ್ಲಿ ದಟ್ಟವಾಗಿ ಕೊಂಡಿ ಹಾಕಿಕೊಂಡಿವೆಯೆಂದು ವಾನ್ ಡೆನ್ ಹ್ಯೂವೆಲ್ ಮತ್ತು ಓಲಾಫ್ ಸ್ಪೋರ್ನ್ಸ್ 2011ರಲ್ಲಿ ತೋರಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ವಿಜ್ಞಾನಿಗಳು ಇದಕ್ಕಿಟ್ಟ ಹೆಸರೇ ರಿಚ್ ಕ್ಲಬ್. ಬುದ್ಧಿಯಿದ್ದ ಕಡೆ ಕ್ಲಬ್ ಇರುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಈ ಕ್ಲಬ್ಬಿನ ಸದಸ್ಯರು ಮಿದುಳಿನ ದೂರದೂರದ ಭಾಗಗಳ ನಡುವಿನ ಸಂದೇಶಗಳನ್ನು ಹಗಲಿರುಳು ಸಾಗಿಸುತ್ತಾರೆ, ಅದಕ್ಕಾಗಿ ವಿಪರೀತ ಖರ್ಚನ್ನೂ ಹೊರುತ್ತಾರೆ ಎಂದು ಅದೇ ವಿದ್ವಾಂಸರು ಮುಂದೆ ಬರೆದರು. ಆ ಭಾಗವನ್ನು ನಾನು ಓದುವುದು ನಿಲ್ಲಿಸಿದೆ. ಕ್ಲಬ್ಬಿನ ಸದಸ್ಯರು ಕೊರಿಯರ್ ಕೆಲಸ ಮಾಡುವುದು ಕ್ಲಬ್ ಸಂಸ್ಕೃತಿಗೆ ಶೋಭೆಯಲ್ಲ.

ಕೊನೆಯದಾಗಿ, ಇಂಥ ಕೂಟ ನಿಜಕ್ಕೂ ಕೂಟವೋ ಅಥವಾ ಕೊಂಡಿ ಹೆಚ್ಚಿರುವುದರಿಂದ ತಾನಾಗಿ ಆದದ್ದೋ ಎಂದು ಪರೀಕ್ಷಿಸುವ ಕ್ರಮವೊಂದಿದೆ. ಪ್ರತಿಯೊಬ್ಬರಿಗೂ ಇರುವಷ್ಟೇ ಕೊಂಡಿ ಉಳಿಸಿ, ಯಾರಿಗೆ ಯಾರು ಎಂಬುದನ್ನು ಮಾತ್ರ ಕಲಸಿಬಿಡುವುದು. ಆಮೇಲೆ ಅಸಲಿ ಜಾಲವನ್ನು ಇದರ ಜೊತೆ ಹೋಲಿಸುವುದು. 2006ರಲ್ಲಿ ಕೊಲಿಝಾ ಮತ್ತು ಸಂಗಡಿಗರು ಹೀಗೆ ಮಾಡಿದಾಗ ವಿಜ್ಞಾನಿಗಳ ಸಹಯೋಗದಲ್ಲೂ ವಿಮಾನ ಮಾರ್ಗಗಳಲ್ಲೂ ರಿಚ್ ಕ್ಲಬ್ ನಿಂತಿತು. ಅಂತರ್ಜಾಲದಲ್ಲೂ ಪ್ರೋಟೀನುಗಳಲ್ಲೂ ಕರಗಿಹೋಯಿತು. ಈ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಮಾಡಿ, ಮದುವೆಯ ಆರತಕ್ಷತೆಯಲ್ಲಿ ಮಾಡಬೇಡಿ. ಪಕ್ಕದ ಮೆಟ್ಟಿಲಿನಿಂದ ನೇರ ಹತ್ತುವವರನ್ನೂ ಹೂವಿನ ಕಮಾನಿನಿಂದ ಗೇಟಿನವರೆಗೆ ಸಾಲು ನಿಂತವರನ್ನೂ ಕಲಸುವುದು ಕಾನೂನು ಸುವ್ಯವಸ್ಥೆಯ ಪ್ರಶ್ನೆ.

ತನಿಖಾ ಆಯೋಗಗಳಿಗೆ ಒಂದು ಸೂಚನೆ: ನ್ಯೂಮನ್ನರ ಅಂಕಿಯನ್ನು ತೀರಾ ದೊಡ್ಡ ಜಾಲಗಳ ಮೇಲೆ ಹಚ್ಚಿದರೆ, ಕೊಂಡಿಗಳ ಹಂಚಿಕೆಯಲ್ಲಿ ಅಜಗಜಾಂತರವಿದ್ದಾಗ, ಅದು ಸೊನ್ನೆಯತ್ತ ಜಾರಿಬಿಡಬಹುದು ಎಂದು ಲಿಟ್ವಾಕ್ ಮತ್ತು ವಾನ್ ಡೆರ್ ಹಾಫ್‌ಸ್ಟಾಡ್ 2013ರಲ್ಲಿ ತೋರಿಸಿದ್ದಾರೆ. ಜಾಲ ಬೇಕಾದಷ್ಟು ದೊಡ್ಡದಾದರೆ ಯಾರಿಗೂ ಯಾರಿಗೂ ಸಂಬಂಧವಿಲ್ಲ ಎಂದು ವರದಿ ಬರೆಯಲು ಇದು ಅನುಕೂಲ. ಬೇರೆ ಅಳತೆಗೋಲು ಹಿಡಿದರೆ ಸಂಬಂಧ ಕಾಣುತ್ತದೆಂದೂ ಅವರು ಹೇಳಿದ್ದಾರೆ. ಅದು ಆಯೋಗದ ಕಾರ್ಯವ್ಯಾಪ್ತಿಗೆ ಬರುವುದಿಲ್ಲ.

ಶಿಫಾರಸುಗಳು

ಒಂದು: ಯೀಸ್ಟಿನ ಪ್ರತಿ ಜೀವಕೋಶದಲ್ಲಿ ಶಿಷ್ಟಾಚಾರ ಘಟಕ ತೆರೆಯಬೇಕು. ಗಣ್ಯ ಪ್ರೋಟೀನುಗಳು ಗಣ್ಯ ಪ್ರೋಟೀನುಗಳನ್ನು ಮಾತ್ರ ಭೇಟಿಯಾಗತಕ್ಕದ್ದು. ಗಣ್ಯರು ಈಗಿನಂತೆ ದೂರ ದೂರ ಇರುವುದರಿಂದ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುವುದಿಲ್ಲ, ಒಂದು ಕಡೆಯ ಕೆಡುಕು ಎಲ್ಲೆಡೆ ಹಬ್ಬುವುದಿಲ್ಲ ಎಂಬ ಮಾಸ್ಲೋವ್-ಸ್ನೆಪ್ಪೆನ್ ಸಮಜಾಯಿಷಿಯನ್ನು ತಿರಸ್ಕರಿಸಲಾಗಿದೆ. ಇದರಿಂದ ಬನ್ನು ಉಬ್ಬದೆ ಹೋದರೆ, ಉಬ್ಬಿದ ಬನ್ನಿನ ಚಿತ್ರವಿರುವ ಫ್ಲೆಕ್ಸನ್ನು ಬೇಕರಿಯ ಮುಂದೆ ಕಟ್ಟಬಹುದು.

ಎರಡು: ಅಂತರ್ಜಾಲದ ದೊಡ್ಡ ಜಾಲಗಳು ಸಣ್ಣಪುಟ್ಟವಕ್ಕೆ ನೇರವಾಗಿ ಕೊಂಡಿ ಕೊಡುವುದನ್ನು ಹಂತಹಂತವಾಗಿ ನಿಲ್ಲಿಸಬೇಕು. ಹಳ್ಳಿಯ ಶಾಲೆಯೊಂದು ಪುಟ ತೆರೆಯಬೇಕಿದ್ದರೆ ಗ್ರಾಮ ಪಂಚಾಯಿತಿ ಸದಸ್ಯರ ಪತ್ರದೊಂದಿಗೆ ವಿನಂತಿ ಸಲ್ಲಿಸತಕ್ಕದ್ದು. ಪುಟ ತೆರೆಯದಿದ್ದಲ್ಲಿ ಸೋಮವಾರ ಮತ್ತೆ ಪ್ರಯತ್ನಿಸುವುದು.

ಮೂರು: ಬೆಂಗಳೂರಿನ ಮೆಜೆಸ್ಟಿಕ್‌ನಂಥ ಮಹಾನಿಲ್ದಾಣದಿಂದ, ನಿಲ್ದಾಣವೆಂದು ಒಂದು ಹುಣಸೆಮರವಷ್ಟೇ ಇರುವ ಹಳ್ಳಿಗೆ ನೇರ ಬಸ್ಸು ಬಿಡುವುದು ಮೆಜೆಸ್ಟಿಕ್‌ನ ಘನತೆಗೆ ತಕ್ಕುದಲ್ಲ. ಮಹಾನಿಲ್ದಾಣಗಳಿಂದ ಮಹಾನಿಲ್ದಾಣಗಳಿಗೆ ಮಾತ್ರ ಬಸ್ಸು ಓಡಲಿ. ಹುಣಸೆಮರದವರು ಹುಣಸೆಮರದಿಂದ ಹುಣಸೆಮರಕ್ಕೆ ಓಡಾಡಿಕೊಳ್ಳಬಹುದು. ಗಣಿತದ ಪ್ರಕಾರ ಅದರಿಂದಲೂ ಅಂಕಿ ಏರುತ್ತದೆ.

ನಾಲ್ಕು: ವಿದ್ಯುತ್ ಜಾಲ. ಅಮೆರಿಕದ ಪಶ್ಚಿಮ ರಾಜ್ಯಗಳ ವಿದ್ಯುತ್ ಜಾಲದ 4,941 ಬಿಂದುಗಳನ್ನು ಅಳೆದಾಗ ಬಂದ ಅಂಕಿ −0.003. ಅತ್ತಲೂ ಅಲ್ಲ, ಇತ್ತಲೂ ಅಲ್ಲ, ಪಕ್ಷೇತರ. ಪಕ್ಷೇತರರನ್ನು ಒಲಿಸಿಕೊಳ್ಳುವುದು ಸುಲಭವೆಂಬುದು ನಮ್ಮ ನಾಡಿನ ಅನುಭವವಾದ್ದರಿಂದ ಸುಧಾರಣೆಯನ್ನು ಇಲ್ಲಿಂದಲೇ ಶುರು ಮಾಡುವುದು ಸೂಕ್ತ. ದೊಡ್ಡ ಸ್ಟೇಷನ್ನುಗಳು ಇನ್ನು ಮುಂದೆ ದೊಡ್ಡ ಸ್ಟೇಷನ್ನುಗಳಿಗಷ್ಟೇ ಕರೆಂಟು ಕೊಡಲಿ. ಅವುಗಳಲ್ಲೇ ಅದು ಸುತ್ತುತ್ತಿರಲಿ. ಊರುಗಳು ಕತ್ತಲಾಗುತ್ತವೆ ಎಂಬ ಭಯ ಅನಗತ್ಯ. ಯೋಜನೆಯ ಉದ್ಘಾಟನಾ ಸಮಾರಂಭದ ವೇದಿಕೆಗೆ ಜನರೇಟರಿನ ವ್ಯವಸ್ಥೆ ಮಾಡಲಾಗಿದೆ.